ಖಾಲಿ ತಟ್ಟೆಗೊಂದು ಪ್ರಶ್ನೆ

ಕಳೆದ ಸೋಮವಾರದಿಂದ ನನ್ನ ಪಾಡು ಯಾರಿಗೂ ಬೇಡ. ಮಧ್ಯಾಹ್ನ ಬಿಸಿಯೂಟದ ಗಂಟೆ ಬಾರಿಸಿ ಅರ್ಧ ತಾಸು ಆಗುವಷ್ಟರಲ್ಲಿ ನಮ್ಮ ಶಾಲೆಯ ಮಕ್ಕಳು ಖಾಲಿ ತಟ್ಟೆ ಹಿಡಿದುಕೊಂಡು ನನ್ನ ಮೇಜಿನ ಮುಂದೆ ಸಾಲಾಗಿ ನಿಲ್ಲುತ್ತಾರೆ. ತಟ್ಟೆಯನ್ನು ಓರೆ ಮಾಡಿ ಒಂದು ಅಗುಳೂ ಉಳಿದಿಲ್ಲ ಎಂದು ತೋರಿಸುತ್ತಾರೆ. ಆಮೇಲೆ ಕೇಳುತ್ತಾರೆ: "ಸರ್, ನೀರಾನೆ ಬಾಯಿ ತೆಗೆದ್ರೆ ಒಳಗೆ ವಾಸನೆ ಬತ್ತದಾ?" ನಾನು ಹೊನ್ನಾವರದವನು. ದಿನಾ ಬಸ್ಸು ಹಿಡಿದು ಧಾರೇಶ್ವರದ ಹತ್ತಿರದ ಈ ಶಾಲೆಗೆ ಬಂದು ಹೋಗುವವನು. ಈ ಜನ್ಮದಲ್ಲಿ ನಾನು ಮಾಡಿದ ಅತಿ ದೂರದ ಪ್ರವಾಸ ಎಂದರೆ ಹುಬ್ಬಳ್ಳಿ, ಅದೂ ಕಣ್ಣಿನ ಡಾಕ್ಟರಿಗೆ ತೋರಿಸಲು. ನೀರಾನೆಯ ಬಾಯಿಯನ್ನು ನಾನು ಎಲ್ಲಿ ಹೋಗಿ ಮೂಸಲಿ?

ಈ ಪೀಡೆಯನ್ನು ನನಗೆ ಅಂಟಿಸಿ ಹೋದವರು ನಮ್ಮ ಶಾಲೆಯ ಅಡುಗೆಯಮ್ಮ. ಅರವತ್ತು ತುಂಬಿತೆಂದು ಅದರ ಹಿಂದಿನ ಶುಕ್ರವಾರ ನಿವೃತ್ತರಾದರು. "ನನ್ನ ಬಗ್ಗೆ ಬರೆಯೂದಾದ್ರೆ ಬರೀರಿ ಮಾಸ್ತರ್ರೇ, ಹೆಸ್ರು ಮಾತ್ರ ಹಾಕ್ಬೇಡಿ. ಅಚ್ಚಿನಲ್ಲಿ ಹೆಸ್ರು ಕಂಡ್ರೆ ನೆಂಟ್ರೆಲ್ಲ ನಂಗೆ ಎಂತ ಆತೋ ಅಂತ ಓಡಿ ಬತ್ರು" ಎಂದು ತಾಕೀತು ಮಾಡಿದ್ದಾರೆ. ಹಾಗಾಗಿ ಇಲ್ಲಿ ಹೆಸರಿಲ್ಲ. ನಮ್ಮ ಕಡೆಯ ಇನ್ನೂರು ಮಕ್ಕಳನ್ನು ಕೇಳಿದರೆ ಹೆಸರು ಅವರೇ ಹೇಳುತ್ತಾರೆ, ಬಚ್ಚಿಟ್ಟು ಏನೂ ಪ್ರಯೋಜನವಿಲ್ಲ.

ಅವರು ಹುಟ್ಟಿದ್ದು ಇಲ್ಲೇ ಕುಮಟೆಯ ಹತ್ತಿರದ ಬಾಡ ಎಂಬ ಊರಿನಲ್ಲಿ. ಇಪ್ಪತ್ತು ದಾಟಿದ ಮೇಲೆ ಯಾವುದೋ ಚಿಕ್ಕಮ್ಮನ ಬೆನ್ನಿಗೆ ಬೊಂಬಾಯಿಗೆ ಹೋಗಿ ಒಬ್ಬ ಬಟ್ಟೆ ವ್ಯಾಪಾರಿಯ ಮನೆಯಲ್ಲಿ ಅಡುಗೆಗೆ ನಿಂತರು. ಆ ಕುಟುಂಬ ಅಂಗಡಿ ಸಮೇತ ಆಫ್ರಿಕಾಕ್ಕೆ, ನೈರೋಬಿಗೆ ಹೊರಟಿತು. ಇವರ ಕೈಯ ಬೇಳೆಸಾರು ಇಲ್ಲದಿದ್ದರೆ ವ್ಯಾಪಾರಿಯ ಹೆಂಡತಿ ಸೇಠಾಣಿಗೆ ಅನ್ನ ಇಳಿಯುತ್ತಿರಲಿಲ್ಲವಂತೆ, ಹಾಗಾಗಿ ಇವರೂ ವಿಮಾನ ಹತ್ತಿದರು. ಹನ್ನೊಂದು ವರ್ಷ ಅಲ್ಲಿದ್ದು ಸೇಠಾಣಿ ತೀರಿಕೊಂಡ ಮೇಲೆ ಊರಿಗೆ ಮರಳಿದರು, ಧಾರೇಶ್ವರದ ಕಡೆ ಮದುವೆಯಾದರು, ಬಿಸಿಯೂಟ ಶುರುವಾದಾಗ ನಮ್ಮ ಶಾಲೆಯ ಒಲೆಯ ಮುಂದೆ ಬಂದು ನಿಂತರು. ಜೀವನಚರಿತ್ರೆ ಇಷ್ಟೇ. ಭಟ್ಕಳಕ್ಕೆ ಹೋಗಿ ನೋಡಿ, ಪರದೇಶ ಕಂಡವರು ಮನೆಮನೆಯಲ್ಲೂ ಇದ್ದಾರೆ, ಯಾರೂ ತಿರುಗಿ ನೋಡುವುದಿಲ್ಲ. ನಮ್ಮೂರಲ್ಲಿ ಇವರೊಬ್ಬರೇ. ಅದಕ್ಕೇ ಊರಿನ ದೊಡ್ಡವರು ನಂಬಲಿಲ್ಲ. "ಬೊಂಬಾಯಿ ದಾಟಿರೂಕಿಲ್ಲ ಅದು. ಅಲ್ಲೇ ಎಲ್ಲೋ ಸರ್ಕಸ್ ನೋಡಿದ್ದು" ಎಂದು ಬಸ್‌ಸ್ಟಾಪಿನ ಕಟ್ಟೆಯ ಮೇಲೆ ಕೂತವರು ತೀರ್ಪು ಕೊಟ್ಟಿದ್ದರು. ತೋರಿಸಲು ಇವರ ಹತ್ತಿರ ಒಂದು ಫೋಟೋ ಇಲ್ಲ. ಪಾಸ್‌ಪೋರ್ಟು ವಾಪಸು ಬರುವಾಗ ಬೊಂಬಾಯಿಯಲ್ಲಿ ಸೇಠನ ನೆಂಟರ ಕಪಾಟಿನಲ್ಲೇ ಉಳಿಯಿತಂತೆ. ಆಫ್ರಿಕಾದಿಂದ ತಂದ ವಸ್ತು ಎಂದರೆ ಒಂದು ಉದ್ದ ಹಿಡಿಯ ಮರದ ಸೌಟು. ಅದಕ್ಕಿಂತ ಒಳ್ಳೆಯದು ಕುಮಟೆಯ ಸಂತೆಯಲ್ಲಿ ಸಿಗುತ್ತದೆ.

ಪ್ರಶ್ನೆಯ ಪದ್ಧತಿ ಶುರುವಾದದ್ದು ಸೋರೆಕಾಯಿಯಿಂದ. ಸೋರೆಕಾಯಿ ಸಾಂಬಾರಿನ ದಿನ ಮಕ್ಕಳು ಹೋಳುಗಳನ್ನೆಲ್ಲ ಆರಿಸಿ ಬಕೆಟ್ಟಿಗೆ ಸುರಿಯುತ್ತಿದ್ದರು. ಶಾಲೆಯ ಹಿಂದಿನ ಮನೆಯಾಕೆ ಆ ಬಕೆಟ್ಟನ್ನು ತನ್ನ ಎಮ್ಮೆಗೆ ಒಯ್ಯುತ್ತಿದ್ದಳು. ಎಮ್ಮೆ ಮೈ ತುಂಬಿಕೊಂಡು ಹೊಳೆಯುತ್ತಿತ್ತು, ಮಕ್ಕಳ ಕೆನ್ನೆ ಒಳಗೆ ಹೋಗಿತ್ತು. ಒಂದು ದಿನ ಅಡುಗೆಯಮ್ಮ ಸೌಟು ಎತ್ತಿ ಕೂಗಿದರು: "ತಟ್ಟೆ ಖಾಲಿ ಮಾಡಿದವ್ರಿಗೆ ಒಂದು ಪ್ರಶ್ನೆ! ಆನೆ ಬಗ್ಗೆ ಕೇಳಿ, ಸಿಂಹದ ಬಗ್ಗೆ ಕೇಳಿ, ವಿಮಾನದ ಬಗ್ಗೆ ಕೇಳಿ. ಒಂದು ತಟ್ಟೆಗೆ ಒಂದೇ!" ಅಂದಿನಿಂದ ಎಮ್ಮೆಗೆ ಕೆಟ್ಟ ಕಾಲ ಬಂತು. ಮೂರನೇ ದಿನ ಆ ಮನೆಯಾಕೆ ಬಂದು, "ಎಂತ, ಶಾಲೆಯಲ್ಲಿ ಅಡುಗೆ ಮಾಡೂದು ಬಿಟ್ರಾ?" ಎಂದು ನನ್ನನ್ನೇ ವಿಚಾರಿಸಿದಳು.

ಪದ್ಧತಿಗೆ ಕಟ್ಟುನಿಟ್ಟು ಇತ್ತು. ತಟ್ಟೆಯನ್ನು ಅವರೇ ಬೆಳಕಿಗೆ ಹಿಡಿದು ನೋಡುವರು. ಕರಿಬೇವಿನ ಎಲೆಗೆ ಮಾತ್ರ ಮಾಫಿ. ಉತ್ತರ ಹೇಳುವಾಗ ಅವರು ಕೂರುತ್ತಿರಲಿಲ್ಲ. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈಯಲ್ಲಿ ಸೌಟು, ನಿಂತೇ ಹೇಳುವರು. ಮತ್ತು ಒಂದು ನಿಯಮ ಅವರು ತಮಗೇ ಹಾಕಿಕೊಂಡಿದ್ದರು. "ನಾ ಕಂಡದ್ದಷ್ಟೇ ಹೇಳೂದು. ಕಾಣದ್ದು ಹೇಳೂಕೆ ನಾ ಎಂತಕ್ಕೆ, ಟೀವಿ ಇಲ್ವಾ?"

ಈ ನಿಯಮದಿಂದ ಮಕ್ಕಳಿಗೆ ಆದ ನಷ್ಟ ಅಷ್ಟಿಷ್ಟಲ್ಲ.

"ಅಮ್ಮಾ, ಸಿಂಹ ಕಂಡಿದ್ರಿ?"

"ಕಂಡಿದ್ದೆ. ಒಂದೇ ಒಂದು."

"ಎಂತ ಮಾಡ್ತಿತ್ತು?"

"ಮಲಗಿತ್ತು."

"ಆಮೇಲೆ?"

"ಆಮೇಲೂ ಮಲಗೇ ಇತ್ತು. ನಾವು ಗಾಡಿಯಲ್ಲಿ ಕೂತ್ಕಂಡು ಬುತ್ತಿ ತಿಂದು ಮುಗ್ಸಿದ್ರೂ ಏಳ್ಲಿಲ್ಲ. ಹೊಟ್ಟೆ ಮೇಲೆ ಮಾಡಿ, ನಾಲ್ಕೂ ಕಾಲು ಬಿಟ್ಕಂಡು, ನಮ್ಮನೆ ಬೆಕ್ಕಿನ ಹಾಗೇ."

ಏಳನೇ ತರಗತಿಯವರು ಒಟ್ಟಾಗಿ ಬಂದು ಕೈಮುಗಿದು ಕೇಳಿಕೊಂಡರು, "ಒಂದ್ಸಲ ಅಟ್ಟಿಸ್ಕಂಡು ಬಂತು ಅಂತ ಹೇಳಿ ಅಮ್ಮಾ, ನಿಮ್ಗೆ ಎಂತ ಖರ್ಚು?" ಒಪ್ಪಲಿಲ್ಲ. ಸಿಂಹ ಮಲಗಿಯೇ ಉಳಿಯಿತು. ಇನ್ನೊಬ್ಬಳು, ಅಲ್ಲಿಯ ಭಾಷೆಯಲ್ಲಿ ಚಹಾಕ್ಕೆ ಏನು ಹೇಳುತ್ತಾರೆ ಎಂದು ಕೇಳಿದಳು. "ಚಾಯ್" ಎಂದರು. ಅಷ್ಟು ದೂರ ವಿಮಾನದಲ್ಲಿ ಹೋಗಿ ಚಾಯ್! ಆ ಹುಡುಗಿ ಎರಡು ಸೌಟು ಸೋರೆಕಾಯಿ ತಿಂದು ಸಂಪಾದಿಸಿದ ಪ್ರಶ್ನೆ ಅದು, ಅಳುವುದೊಂದು ಬಾಕಿ. ಕರುಣೆ ಬಂದು ಅವಳಿಗೆ ಇನ್ನೊಂದು ಪ್ರಶ್ನೆ ಕೊಟ್ಟರು. ಅದನ್ನು ಉಳಿದವರು ಪಕ್ಷಪಾತ ಎಂದು ಹೆಡ್‌ಮಾಸ್ತರರವರೆಗೆ ದೂರು ಒಯ್ದರು.

ಅಳತೆಗಳೆಲ್ಲ ಅಡುಗೆಮನೆಯವೇ. ಉಷ್ಟ್ರಪಕ್ಷಿಯ ಮೊಟ್ಟೆ ಸುಲಿದ ತೆಂಗಿನಕಾಯಿಯಷ್ಟು. ಅಲ್ಲಿಯ ಆನೆಯ ಕಿವಿ ಹಪ್ಪಳ ಒಣಗಿಸುವ ಚಾಪೆಯಷ್ಟು, ಹೆಣ್ಣಾನೆಗೂ ದಂತ ಇರುತ್ತದೆ, ಅಷ್ಟು ದೊಡ್ಡ ಪ್ರಾಣಿ ನಡೆದರೆ ಸಪ್ಪಳವೇ ಇಲ್ಲ, "ಹಾಲು ಕುಡಿಯೂಕೆ ಬಂದ ಬೆಕ್ಕಿನಷ್ಟೂ ಇಲ್ಲ." ಒಮ್ಮೆ ಒಬ್ಬ ಕೇಳಿದ, ಅಲ್ಲಿಯ ಮಕ್ಕಳು ಏನು ತಿನ್ನುತ್ತಾರೆ ಎಂದು. ಬಿಳಿ ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಗಟ್ಟಿಯಾಗುವಷ್ಟು ತಿರುವಿ, ಸೊಪ್ಪಿನ ಪಲ್ಯ ಹಚ್ಚಿಕೊಂಡು ತಿನ್ನುತ್ತಾರೆ, ಈ ಸೌಟು ಅದರದ್ದೇ ಎಂದರು. "ತಟ್ಟೆಯಲ್ಲಿ ಬಿಡ್ತ್ರಾ?" ಎಂದು ಮುಂದಿನವನು ಕೇಳಿದ. ಇಂಥ ಅವಕಾಶವನ್ನು ಬೇರೆ ಯಾರಾದರೂ ಬಿಡುತ್ತಿದ್ದರೇ? ನಾನಾಗಿದ್ದರೆ ಆಫ್ರಿಕಾದ ಮಕ್ಕಳು ತಟ್ಟೆಯನ್ನೂ ನೆಕ್ಕುತ್ತಾರೆ ಎಂದು ಅಲ್ಲೇ ಒಂದು ನೀತಿಪಾಠ ಹೇಳಿಬಿಡುತ್ತಿದ್ದೆ. ಇವರು ಮಾತ್ರ, "ಬಿಡ್ತ್ರು. ಸೊಪ್ಪು ಬಿಡೂದು ಎಲ್ಲಾ ದೇಶದ ಮಕ್ಕಳೂ ಒಂದೇ" ಎಂದರು. ಆ ದಿನ ಎಮ್ಮೆಗೆ ಸ್ವಲ್ಪ ಲಾಭವಾಯಿತು.

ಅಷ್ಟು ಕೇಳಿಯೂ ನಾನು ಅವರನ್ನು ನಂಬಿರಲಿಲ್ಲ. ಅದನ್ನು ಹೇಳಿಬಿಡುತ್ತೇನೆ. ನಾನು ವಿಜ್ಞಾನ ಮಾಸ್ತರ. ಮಕ್ಕಳು ನನ್ನ ಪಾಠದಲ್ಲಿ ಆಕಳಿಸುವುದು, ಊಟದ ಹೊತ್ತಿನಲ್ಲಿ ಅವರ ಸುತ್ತ ಕಣ್ಣರಳಿಸಿ ನಿಲ್ಲುವುದು ನನಗೆ ಒಳಗೊಳಗೇ ಉರಿಯುತ್ತಿತ್ತು. ಬಿಸಿಯೂಟವನ್ನು ಮಾಸ್ತರರು ಮೊದಲು ರುಚಿ ನೋಡಬೇಕು ಎಂಬ ನಿಯಮವಿದೆ. ನಾನು ಅರ್ಧ ಚಮಚ ಬಾಯಿಗೆ ಸೋಕಿಸಿ, ರಿಜಿಸ್ಟರಿನಲ್ಲಿ 'ಉತ್ತಮ' ಎಂದು ಗೀಚಿ, ಮನೆಯಿಂದ ತಂದ ಡಬ್ಬಿ ಬಿಚ್ಚುತ್ತಿದ್ದೆ. ಅದು ಅವರಿಗೆ ಗೊತ್ತಿತ್ತು. ಏನೂ ಅಂದವರಲ್ಲ.

ಹಲವು ವರ್ಷಗಳ ಹಿಂದಿನ ಮಾತು, ಒಂದು ಪರೀಕ್ಷೆಯಲ್ಲಿ ಪ್ರಾಣಿಗಳ ಬಗ್ಗೆ ನಾಲ್ಕು ಸಾಲು ಬರೆಯಲು ಕೊಟ್ಟಿದ್ದೆ. ಐದನೇ ತರಗತಿಯ ಒಬ್ಬಳು, ಮೀನುಗಾರರ ಮನೆಯ ಹುಡುಗಿ, ಚಾಯ್ ಪ್ರಶ್ನೆಯವಳೇ, ಬರೆದಳು: 'ಜಿರಾಫೆಯ ನಾಲಗೆ ಕಪ್ಪು. ಅದು ಗಾಡಿಯ ಒಳಗೆ ನಾಲಗೆ ಹಾಕಿ ಅಡುಗೆಯಮ್ಮನ ಕೈಯಿಂದ ಬನ್ನು ಎಳೆದುಕೊಂಡಿತು.' ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದೆ. ಹುಡುಗಿ ಉತ್ತರಪತ್ರಿಕೆ ಹಿಡಿದುಕೊಂಡು ಜಗಳಕ್ಕೇ ಬಂದಳು. "ಸರ್, ಅಮ್ಮ ಕಂಡದ್ದು!"

ಆಗ ನನ್ನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಫೋನು. ಗೋಡೆಯ ಮೇಲೆ ಮಾತ್ರ ವನ್ಯಪ್ರಾಣಿಗಳ ಚಾರ್ಟು ಇತ್ತು. ಅದರಲ್ಲಿ ಜಿರಾಫೆ ಎಲೆಗೆ ಬಾಯಿ ಹಾಕಿದ ಚಿತ್ರ, ನಾಲಗೆ ಒಳ್ಳೆ ಕುಂಕುಮದ ಬಣ್ಣ. ಅಚ್ಚಾದದ್ದು ಸುಳ್ಳಾಗುತ್ತದೆಯೇ? ನಾನು ಊಟದ ಹೊತ್ತಿಗೇ ಚಾರ್ಟನ್ನು ಬಿಚ್ಚಿ ಜಗುಲಿಗೆ ಒಯ್ದೆ, ಸಾಲಿನಲ್ಲಿ ಕೂತ ಎಲ್ಲ ಮಕ್ಕಳ ಎದುರು ಅಡುಗೆಯಮ್ಮನನ್ನು ಹೊರಗೆ ಕರೆದೆ. ಅವರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು.

"ನೋಡಿ, ಇದು ಎಂತ ಬಣ್ಣ?" ಎಂದು ಕೋಲಿಟ್ಟು ತೋರಿಸಿದೆ.

"ಕೆಂಪು."

"ಮತ್ತೆ ಕಪ್ಪು ಅಂತ ಮಕ್ಕಳಿಗೆ ಯಾಕೆ ಹೇಳಿದ್ರಿ? ಕಥೆ ಹೇಳೂದಾದ್ರೆ ಕಥೆ ಅಂತ ಹೇಳಿ. ಮಕ್ಕಳ ತಲೆಗೆ ಸುಳ್ಳು ತುಂಬಬೇಡಿ."

ಅವರು ಚಾರ್ಟನ್ನು ಹತ್ತಿರ ಹೋಗಿ ನೋಡಿದರು. "ನಾ ಕಂಡದ್ದು ಕಪ್ಪು" ಎಂದರು, ಒಂದೇ ಸಲ, ಮೆತ್ತಗೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇನ್ನಷ್ಟು ಜನ ನಕ್ಕರು. ಒಬ್ಬ, "ಸರ್ಕಸ್!" ಎಂದ. ಮನೆಯಲ್ಲಿ ದೊಡ್ಡವರು ಹೇಳಿದ್ದನ್ನು ಕೇಳಿದವನೇ ಇರಬೇಕು. ಅಡುಗೆಯಮ್ಮನ ಮುಖ ನೋಡಿದೆ. ಕಟ್ಟೆಯ ಮೇಲಿನವರು ಇಷ್ಟು ವರ್ಷ ಆಡಿಕೊಂಡಾಗಲೂ ಕುಂದದ ಮುಖ ಆ ಹೊತ್ತು ಕುಂದಿತ್ತು. ಊರಿನಲ್ಲಿ ಅವರನ್ನು ನಂಬುತ್ತಿದ್ದವರು ಈ ಮಕ್ಕಳು ಮಾತ್ರ, ಅವರನ್ನೂ ನಾನು ಕಸಿದುಕೊಂಡಿದ್ದೆ. ಇದು ಈಗ ಬರೆಯುವಾಗ ಹೊಳೆಯುವ ಮಾತು. ಆಗ ನಾನು ಗೆದ್ದೆ ಎಂದುಕೊಂಡು ಡಬ್ಬಿ ಬಿಚ್ಚಿದೆ.

ಮರುದಿನ ಮಕ್ಕಳು ತಟ್ಟೆ ತೋರಿಸಲು ಹೋದರೆ, "ಪ್ರಶ್ನೆ ಇಲ್ಲ. ಉಂಡಾತು, ಏಳಿ" ಎಂದರಂತೆ. ಅಡುಗೆಯಲ್ಲಿ ಒಂದು ಹರಳು ಉಪ್ಪು ಹೆಚ್ಚುಕಡಿಮೆ ಆಗಲಿಲ್ಲ. ಬಡಿಸುವ ಕೈ ಹಾಗೇ ಇತ್ತು. ಮಾತು ಮಾತ್ರ ನಿಂತುಹೋಯಿತು. ಸೋರೆಕಾಯಿ ಹೋಳುಗಳು ಬಕೆಟ್ಟಿಗೆ ಬೀಳತೊಡಗಿದವು. ಒಂದು ತಿಂಗಳು ಶಾಲೆಯ ಸುತ್ತಮುತ್ತ ಸುಖವಾಗಿದ್ದದ್ದು ಎಮ್ಮೆಯೊಂದೇ. ಐದನೆಯ ತರಗತಿಯ ಹುಡುಗಿ ನನ್ನ ಪಾಠದಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂರಲು ಶುರು ಮಾಡಿದಳು.

ಆ ತಿಂಗಳ ಕೊನೆಗೆ ಕುಮಟೆಯಲ್ಲಿ ವಿಜ್ಞಾನ ಮಾಸ್ತರರಿಗೆ ತರಬೇತಿ. ಮಧ್ಯಾಹ್ನದ ಊಟದ ಮೇಲೆ ಕತ್ತಲೆ ಕೋಣೆಯಲ್ಲಿ ಕೂರಿಸಿ ಗೋಡೆಯ ಮೇಲೆ ವಿಡಿಯೋ ಬಿಟ್ಟರು, ಅರ್ಧ ಜನ ನಿದ್ದೆ. ನಾನೂ ತೂಕಡಿಸುತ್ತಿದ್ದೆ. ಕಣ್ಣು ಬಿಟ್ಟರೆ ಗೋಡೆಯ ತುಂಬ ಒಂದು ಜಿರಾಫೆ. ಅದು ನಿಧಾನವಾಗಿ ನಾಲಗೆ ಹೊರಗೆ ಹಾಕಿತು. ಮೊಳದುದ್ದ, ನೇರಳೆಹಣ್ಣು ತಿಂದ ಮಗುವಿನ ನಾಲಗೆಯ ಹಾಗೆ ಕಪ್ಪಗೆ! ಮುಳ್ಳಿನ ನಡುವಿನಿಂದ ಎಲೆಯನ್ನು ಸುತ್ತಿ ಎಳೆದುಕೊಂಡಿತು. ನಾನು ಬೆಂಚಿನಿಂದ ಎದ್ದು ನಿಂತಿದ್ದೆನಂತೆ. ಪಕ್ಕದ ಮಾಸ್ತರರು ಅಂಗಿ ಹಿಡಿದು ಎಳೆದು, "ಎಂತ ಆತು ಮಾರಾಯ್ರೆ? ಹೊಟ್ಟೆನೋವಾ?" ಎಂದು ಕೇಳಿದರು. ಹೌದು ಎಂದೆ. ಅದಕ್ಕಿಂತ ಸರಿಯಾದ ಹೆಸರು ನನಗೆ ಸಿಗಲಿಲ್ಲ. ಹೊನ್ನಾವರದ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತವನು ಇಳಿಯುವ ಸ್ಟಾಪು ದಾಟಿ ಶರಾವತಿಯ ಸೇತುವೆಯವರೆಗೂ ಹೋಗಿಬಿಟ್ಟೆ. ನಾಚಿಕೆ ಅಂದರೆ ಅಷ್ಟು ನಾಚಿಕೆ.

ಮರುದಿನ ಬೆಳಿಗ್ಗೆ ಡಬ್ಬಿ ಬೇಡ ಎಂದೆ. ಹೆಂಡತಿ ಹಣೆ ಮುಟ್ಟಿ ಜ್ವರ ನೋಡಿದಳು.

ಊಟದ ಗಂಟೆ ಆದಾಗ ಒಂದು ತಟ್ಟೆ ಹಿಡಿದುಕೊಂಡು ಹೋಗಿ ಜಗುಲಿಯ ಸಾಲಿನ ಕೊನೆಗೆ, ಐದನೇ ತರಗತಿಯ ಆ ಹುಡುಗಿಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತೆ. ಮಕ್ಕಳು ಉಣ್ಣುವುದು ಬಿಟ್ಟು ನನ್ನನ್ನೇ ನೋಡಿದರು. ಅಡುಗೆಯಮ್ಮ ಬಂದರು, ಅನ್ನ ಹಾಕಿದರು, ಸಾಂಬಾರು ಹಾಕಿದರು, ಮುಂದೆ ಹೋದರು. ಮುಖದಲ್ಲಿ ಏನೂ ಇಲ್ಲ. ನನ್ನ ದುರದೃಷ್ಟಕ್ಕೆ ಅಂದೂ ಸೋರೆಕಾಯಿಯೇ. ನನಗೆ ಹುಟ್ಟಿದಾರಭ್ಯ ಅದು ಸೇರುವುದಿಲ್ಲ. ಅನ್ನವನ್ನೆಲ್ಲ ಉಂಡೆ, ಎರಡು ಹೋಳುಗಳನ್ನು ಕರಿಬೇವಿನ ಅಡಿಯಲ್ಲಿ ಅಡಗಿಸಿ ಎದ್ದು ಹೋಗಿ ಅವರ ಮುಂದೆ ತಟ್ಟೆ ಹಿಡಿದೆ.

ಅವರು ಬೆಳಕಿಗೆ ಹಿಡಿದು ನೋಡಿದರು. ಸೌಟಿನ ತುದಿಯಿಂದ ಕರಿಬೇವು ಸರಿಸಿದರು.

"ಮಾಸ್ತರ್ರೇ, ಈ ಎರಡು ಯಾರಿಗೆ? ಎಮ್ಮೆಗಾ?"

ಜಗುಲಿ ಹಾರಿಹೋಗುವ ಹಾಗೆ ಮಕ್ಕಳು ನಕ್ಕರು. ನಾನು ಅಲ್ಲೇ ನಿಂತು ಎರಡೂ ಹೋಳುಗಳನ್ನು ಬಾಯಿಗೆ ಹಾಕಿ ನುಂಗಿದೆ. ಮತ್ತೆ ತಟ್ಟೆ ತೋರಿಸಿದೆ.

"ಈಗ ಒಂದು ಪ್ರಶ್ನೆ ಕೇಳಬಹುದಾ?"

ಅವರು ತಟ್ಟೆಯನ್ನು ಮತ್ತೆ ಬೆಳಕಿಗೆ ಹಿಡಿದರು. ಬೇಡ ಎನ್ನಲಿಲ್ಲ.

"ಜಿರಾಫೆಯ ನಾಲಗೆ ಎಂತ ಬಣ್ಣ?"

ಯಾರೂ ನಗಲಿಲ್ಲ. ಐದನೇ ತರಗತಿಯ ಹುಡುಗಿ ಎದ್ದು ನಿಂತಿದ್ದಳು.

"ನಾ ಹೇಳಿದ್ರೆ ನೀವು ನಂಬ್ತ್ರಾ?" ಎಂದರು.

"ನಂಬ್ತೆ. ಮೊದಲೇ ನಂಬಬೇಕಿತ್ತು. ಮಕ್ಕಳೇ, ತಪ್ಪು ನನ್ನದು. ಅಮ್ಮ ಹೇಳಿದ್ದು ಸುಳ್ಳಲ್ಲ, ನಿನ್ನೆ ಕುಮಟೆಯಲ್ಲಿ ನಾನೇ ಕಂಡು ಬಂದೆ."

ಅವರು ಈಗ ಸಿಕ್ಕಿದ ಗೆಲುವನ್ನು ಸೆರಗಿನಲ್ಲಿ ಕಟ್ಟಿಕೊಂಡು ಒಳಗೆ ಹೋಗಿಬಿಡಬಹುದಿತ್ತು. ಹೋಗಲಿಲ್ಲ. ಸೊಂಟದ ಮೇಲೆ ಕೈ ಇಟ್ಟರು, ಸೌಟು ಎತ್ತಿದರು.

"ಕಪ್ಪು. ಆದ್ರೆ ಪೂರ್ತಿ ಕಪ್ಪಲ್ಲ ಮಾಸ್ತರ್ರೇ. ತುದಿಯಿಂದ ಇಷ್ಟುದ್ದ ಕಪ್ಪು, ಒಳಗೆ ಬುಡದಲ್ಲಿ ಕೆಂಪೇ. ಬನ್ನು ಎಳೀವಾಗ ಒಳಗೂ ಕಂಡಿತ್ತು ನಂಗೆ. ಆ ಚಾರ್ಟು ಬರೆದವ ಬುಡ ಮಾತ್ರ ಕಂಡಿರ್ಬೇಕು. ಅವಂದೂ ಸುಳ್ಳಲ್ಲ, ನಿಮ್ದೂ ಸುಳ್ಳಲ್ಲ. ಆತು, ತಟ್ಟೆ ತೊಳ್ದಿಡಿ. ಮುಂದಿನವ್ರು ಯಾರು?"

ನನ್ನ ಮಾನ ಹೋಗದ ಹಾಗೆ ಅವರು ಹೇಳಿದ ಆ ಮಾತೂ ಕಂಡದ್ದೇ, ಕಟ್ಟಿದ್ದಲ್ಲ. ಆಮೇಲೆ ಪುಸ್ತಕದಲ್ಲಿ ನೋಡಿ ಖಾತ್ರಿ ಮಾಡಿಕೊಂಡೆ. ಹೌದು, ಮತ್ತೆ ನೋಡಿದೆ. ಹುಟ್ಟುಗುಣ. ಹುಡುಗಿಯ ಉತ್ತರಪತ್ರಿಕೆ ಹುಡುಕಿ ತೆಗೆದು ಅಡ್ಡಗೆರೆಯ ಮೇಲೆ ಸಹಿ ಮಾಡಿ ಅಂಕ ಕೊಟ್ಟೆ. ಅವಳು ಕಿಟಕಿಯಿಂದ ಮುಖ ತಿರುಗಿಸಿದಳು. ಅಂದಿನಿಂದ ನನ್ನ ಮಧ್ಯಾಹ್ನದ ಊಟ ಜಗುಲಿಯಲ್ಲೇ. ಎಮ್ಮೆಯ ಯಜಮಾನಿ ನನ್ನನ್ನು ಕಂಡರೆ ಇವತ್ತಿಗೂ ಮುಖ ಗಂಟಿಕ್ಕುತ್ತಾಳೆ.

ಹಾಗೇ ವರ್ಷಗಳು ಉರುಳಿ ಆ ಶುಕ್ರವಾರ ಬೀಳ್ಕೊಡುಗೆ ಬಂತು. ಹೆಡ್‌ಮಾಸ್ತರರು ಶಾಲು ಹೊದಿಸಿದರು, ಫಲತಾಂಬೂಲ ಕೊಟ್ಟರು. ಎರಡು ಮಾತು ಆಡಿ ಎಂದರೆ, "ಪಾಯಸ ಆರ್ತದೆ, ಮೊದ್ಲು ಊಟ" ಎಂದು ಶಾಲನ್ನು ಸೊಂಟಕ್ಕೆ ಕಟ್ಟಿಕೊಂಡು ತಾವೇ ಬಡಿಸಲು ನಿಂತರು. ಊಟ ಮುಗಿಸಿ ಸಾಲಿನಲ್ಲಿ ನಾನೂ ನಿಂತೆ. ಹಲವು ವರ್ಷಗಳಿಂದ ಒಂದು ಪ್ರಶ್ನೆ ಉಳಿಸಿಕೊಂಡಿದ್ದೆ. ನಮ್ಮ ಮಕ್ಕಳು ಆಫ್ರಿಕಾದ ಬಗ್ಗೆ ಇಷ್ಟು ಕೇಳುತ್ತಾರೆ, ಆಫ್ರಿಕಾದವರು ನಮ್ಮ ಬಗ್ಗೆ ಏನೇನು ಕೇಳಿರಬಹುದು ಎಂಬ ಕುತೂಹಲ. ಒಳ್ಳೆ ನಗೆಯ ಉತ್ತರ ಬರುತ್ತದೆ ಎಂದೇ ಅಂದುಕೊಂಡಿದ್ದೆ.

"ಹನ್ನೊಂದು ವರ್ಷ ಅಲ್ಲಿದ್ರಿ. ಅಲ್ಲಿಯವ್ರು ನಿಮ್ಮನ್ನು ನಮ್ಮೂರಿನ ಬಗ್ಗೆ ಎಂತೆಂತ ಕೇಳ್ತಿದ್ರು?"

ಅವರು ನನ್ನ ತಟ್ಟೆಯನ್ನು ಬೆಳಕಿಗೆ ಹಿಡಿದವರು ಹಾಗೇ ಹಿಡಿದುಕೊಂಡು ನಿಂತರು.

"ಕೇಳ್ಲಿಲ್ಲ" ಎಂದರು. "ಸೇಠನ ಮನೆಯವ್ರೂ ಕೇಳ್ಲಿಲ್ಲ, ಹೊರಗಿನವ್ರೂ ಕೇಳ್ಲಿಲ್ಲ. ಅಡುಗೆಯವ್ಳ ಹತ್ರ ಉಪ್ಪು ಹೆಚ್ಚಾತು, ಖಾರ ಕಮ್ಮಿ ಆತು ಅಂತ ಹೇಳೂದಲ್ದೆ ಮತ್ತೆಂತ ಕೇಳ್ತ್ರು? ಯಾರಾದ್ರೂ ಕೇಳಿದ್ರೆ ಹೇಳ್ಬೇಕು ಅಂತ ನಾ ಎಷ್ಟೆಲ್ಲ ನೆನಪು ಮಾಡಿ ಇಟ್ಕಂಡಿದ್ದೆ. ರೊಟ್ಟಿ ಲಟ್ಟಿಸ್ತಾ ಲಟ್ಟಿಸ್ತಾ ಮನಸ್ಸಿನಲ್ಲೇ ಹೇಳ್ಕಂಡದ್ದೂ ಉಂಟು. ಈರುಳ್ಳಿ ಗಿಡಾನ ಜಡೆ ಹಾಗೆ ಹೆಣೆದು ನೇತು ಹಾಕೂದು, ನಮ್ಮ ಅವ್ವಿ ಗದ್ದೆ ನಟ್ಟಿಗೆ ಹೋದಾಗ ಹೇಳ್ತಿದ್ದ ಹಾಡು, ಬಾಡದ ಸಮುದ್ರದ ದಂಡೆ... ಒಬ್ರೂ ಕೇಳ್ಲಿಲ್ಲ ಮಾಸ್ತರ್ರೇ."

ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಕೈ ಎಂಜಲು. ಅಷ್ಟರಲ್ಲಿ ನನ್ನ ಹಿಂದೆ ನಿಂತಿದ್ದ ಎರಡನೇ ತರಗತಿಯ ಒಂದು ಪುಟ್ಟ ಹುಡುಗಿ ನನ್ನನ್ನು ಮೊಣಕೈಯಿಂದ ಸರಿಸಿ ಮುಂದೆ ಬಂದಳು. ಅವಳ ಅಜ್ಜಿಯ ಮನೆ ಬಾಡದಲ್ಲೇ. ವಾರಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ ಬರುವವಳು. ಹೊಳೆಯುವ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

"ಅಮ್ಮಾ, ಬಾಡ ಹೆಂಗಿರ್ತದೆ?"

ಅಡುಗೆಯಮ್ಮ ಅವಳ ತಟ್ಟೆ ನೋಡಲಿಲ್ಲ. ಸೌಟನ್ನು ಪಾತ್ರೆಯ ಮೇಲೆ ಅಡ್ಡ ಇಟ್ಟರು. ಇಷ್ಟು ವರ್ಷದಲ್ಲಿ ಮೊದಲ ಸಲ, ಮಕ್ಕಳ ನಡುವೆ ನೆಲದ ಮೇಲೆ ಕೂತರು.

"ಹೇಳ್ತೆ ಕೇಳು" ಎಂದರು.

ಮಧ್ಯಾಹ್ನದ ಮೊದಲ ಪಿರಿಯಡ್ಡು ನನ್ನದಿತ್ತು. ನಾನು ಗಂಟೆ ಬಾರಿಸಲು ಹೋಗಲಿಲ್ಲ.